ಆಹಾರ ಸೇವನೆಯ ಅಸ್ವಸ್ಥತೆಯಿಂದ ಚೇತರಿಕೆ: ಸ್ನೇಹಿತರ ಪಾತ್ರ ಹಾಗೂ ದೊರೆಯುವ ಸೇವೆಗಳು

1. ಪೀಠಿಕೆ

ಆಹಾರ ಸೇವನೆಯ ಅಸ್ವಸ್ಥತೆಯು ಹಟವಲ್ಲ, ಅಲಂಕಾರದ ಗೀಳಲ್ಲ, ವ್ರತನಿಷ್ಠೆಯೂ ಅಲ್ಲ. ಅದು ಮನಸ್ಸಿನಲ್ಲಿ ಆರಂಭವಾಗಿ ಹೃದಯ, ಮೂಳೆ, ಹಲ್ಲು, ಋತುಚಕ್ರ ಮೊದಲಾದ ಎಲ್ಲದರ ಮೇಲೂ ಪರಿಣಾಮ ಬೀರುವ, ಚಿಕಿತ್ಸೆಯ ಅಗತ್ಯವಿರುವ ಕಾಯಿಲೆಯಾಗಿದೆ. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವಿನ ಪ್ರಮಾಣವುಳ್ಳ ಕಾಯಿಲೆಗಳಲ್ಲಿ ಅನೊರೆಕ್ಸಿಯಾ ಒಂದಾಗಿದೆ.

ಈ ಕಾಯಿಲೆಯನ್ನು ಮೊದಲು ಗಮನಿಸುವವರು ಅನೇಕ ಸಂದರ್ಭಗಳಲ್ಲಿ ತಂದೆತಾಯಿಗಳಲ್ಲ. ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಜೊತೆಗಿರುವವರು, ಕಚೇರಿಯಲ್ಲಿ ಬುತ್ತಿ ಹಂಚಿಕೊಳ್ಳುವವರು, ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವವರು. ಆದರೆ ಗಮನಿಸಿದ ನಂತರ ಏನು ಮಾಡಬೇಕು, ಏನು ಮಾಡಬಾರದು, ಯಾರನ್ನು ಸಂಪರ್ಕಿಸಬೇಕು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಈ ಕುರಿತು ಸಾರ್ವಜನಿಕರಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

ಮೊದಲಿಗೇ ತಿಳಿದಿರಬೇಕಾದ ಅಂಶವೆಂದರೆ, ಸ್ನೇಹಿತರು ವೈದ್ಯರೂ ಅಲ್ಲ, ತಟ್ಟೆಯ ಕಾವಲುಗಾರರೂ ಅಲ್ಲ. ಕಾಯಿಲೆಯು ವ್ಯಕ್ತಿಯ ಇಡೀ ಬದುಕನ್ನು ಆಕ್ರಮಿಸುತ್ತಿರುವಾಗ, ಅದರ ಹೊರಗೆ ಅವರಿಗಾಗಿ ಒಂದು ಸ್ಥಳವನ್ನು ಉಳಿಸಿಕೊಡುವುದೇ ಸ್ನೇಹಿತರ ಮುಖ್ಯ ಕರ್ತವ್ಯ.

2. ಕಾಯಿಲೆಯ ಪ್ರಮುಖ ವಿಧಗಳು

ಅ) ಅನೊರೆಕ್ಸಿಯಾ ನರ್ವೋಸಾ: ಆಹಾರವನ್ನು ತೀವ್ರವಾಗಿ ಕಡಿತಗೊಳಿಸುವುದು, ತೂಕ ಅಪಾಯಕಾರಿ ಮಟ್ಟಕ್ಕೆ ಇಳಿದಿದ್ದರೂ ಅದರ ಗಂಭೀರತೆಯನ್ನು ಒಪ್ಪದಿರುವುದು.

ಆ) ಬುಲಿಮಿಯಾ ನರ್ವೋಸಾ: ಹತೋಟಿ ತಪ್ಪಿ ಅತಿಯಾಗಿ ತಿನ್ನುವುದು, ಬಳಿಕ ವಾಂತಿ, ಭೇದಿ ಔಷಧ, ಉಪವಾಸ ಅಥವಾ ವಿಪರೀತ ವ್ಯಾಯಾಮದಿಂದ ಅದನ್ನು ಸರಿದೂಗಿಸಲು ಯತ್ನಿಸುವುದು. ತೂಕ ಸಾಮಾನ್ಯವಾಗಿಯೇ ಇರಬಹುದಾದ್ದರಿಂದ ಇತರರಿಗೆ ತಿಳಿಯುವುದು ಕಷ್ಟ. ಇದನ್ನು ಪ್ರತ್ಯೇಕ ಕಾಯಿಲೆಯಾಗಿ 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ವಿವರಿಸಿದರು.

ಇ) ಬಿಂಜ್ ಈಟಿಂಗ್ ಅಸ್ವಸ್ಥತೆ: ಹತೋಟಿಯಿಲ್ಲದೆ ತಿಂದು, ನಂತರ ತೀವ್ರ ನಾಚಿಕೆ ಹಾಗೂ ಜಿಗುಪ್ಸೆಯಿಂದ ಬಳಲುವುದು. ಇಲ್ಲಿ ವಾಂತಿ ಮೊದಲಾದ ಸರಿದೂಗಿಸುವ ಕ್ರಮಗಳು ಕಂಡುಬರುವುದಿಲ್ಲ.

ಈ) ಆರ್ಫಿಡ್: ತೂಕದ ಚಿಂತೆಯಿಂದಲ್ಲದೆ, ಆಹಾರದ ರುಚಿ, ಸ್ಪರ್ಶ ಅಥವಾ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯದಿಂದ ಆಹಾರವನ್ನು ವರ್ಜಿಸುವುದು.

ಮೇಲ್ಕಂಡ ಕಾಯಿಲೆಗಳು ಯುವತಿಯರಲ್ಲಿ ಹೆಚ್ಚಾಗಿ ಕಂಡುಬಂದರೂ ಪುರುಷರಲ್ಲಿಯೂ, ಮಧ್ಯವಯಸ್ಕರಲ್ಲಿಯೂ ಕಾಣಿಸಿಕೊಳ್ಳುತ್ತವೆ. ಕಾಯಿಲೆಯ ಗಂಭೀರತೆಯನ್ನು ಕೇವಲ ಮೈಕಟ್ಟನ್ನು ನೋಡಿ ಅಳೆಯಲಾಗದು.

3. ಕಾಯಿಲೆಯು ಸ್ನೇಹವನ್ನು ದೂರ ಮಾಡುವ ಬಗೆ

ನಮ್ಮ ಸಮಾಜದಲ್ಲಿ ಸ್ನೇಹ ಮತ್ತು ಊಟ ಬೇರೆಬೇರೆಯಲ್ಲ. ಹಬ್ಬದ ಹೋಳಿಗೆ, ಮದುವೆಯ ಪಂಕ್ತಿ, ಹುಟ್ಟುಹಬ್ಬದ ಕೇಕು, ಸಂಜೆಯ ಕಾಫಿ-ಮಸಾಲೆ ದೋಸೆ ಇವೆಲ್ಲವೂ ಸ್ನೇಹಿತರು ಸೇರುವ ನೆಪಗಳೇ. ಕಾಯಿಲೆಗೆ ಒಳಗಾದವರಿಗೆ ಇವೇ ಭಯದ ಸ್ಥಳಗಳಾಗುತ್ತವೆ. "ಹೊಟ್ಟೆ ಸರಿಯಿಲ್ಲ", "ಈಗಷ್ಟೇ ತಿಂದು ಬಂದೆ", "ಇವತ್ತು ಉಪವಾಸ" ಎಂಬ ಕಾರಣಗಳು ಹೆಚ್ಚುತ್ತವೆ. ಕೆಲಕಾಲದ ನಂತರ ಸ್ನೇಹಿತರು ಕರೆಯುವುದನ್ನೇ ನಿಲ್ಲಿಸುತ್ತಾರೆ. ಒಬ್ಬಂಟಿತನ ಹೆಚ್ಚಿದಂತೆ ಕಾಯಿಲೆಯ ಹಿಡಿತವೂ ಬಿಗಿಯಾಗುತ್ತದೆ.

ಹೀಗೆ ದೂರ ಸರಿಯುವುದು ಅಹಂಕಾರದ ಲಕ್ಷಣವಲ್ಲ. ಬಹುಮಟ್ಟಿಗೆ ಅದು ಹಸಿವಿನ ಪರಿಣಾಮ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ 1944-45ರಲ್ಲಿ ನಡೆದ ಪ್ರಯೋಗವು ಇದಕ್ಕೆ ಸಾಕ್ಷಿಯಾಗಿದೆ. ಆರೋಗ್ಯವಂತರಾದ 36 ಮಂದಿ ಯುವಕರು ಸ್ವಇಚ್ಛೆಯಿಂದ 24 ವಾರಗಳ ಕಾಲ ಅರೆಹೊಟ್ಟೆಯಲ್ಲಿದ್ದು, ದೇಹತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಮೊದಲು ಕಲೆತು ನಗುತ್ತಿದ್ದ ಅವರು ಕ್ರಮೇಣ ಹಾಸ್ಯಪ್ರಜ್ಞೆಯನ್ನು ಕಳೆದುಕೊಂಡು, ಸಿಡುಕುತ್ತ, ಒಂಟಿಯಾಗಿರಲು ಬಯಸತೊಡಗಿದರು. ದಿನವಿಡೀ ಆಹಾರದ ಯೋಚನೆ, ಅಡುಗೆ ಪುಸ್ತಕಗಳ ಓದು ಅವರನ್ನು ಆವರಿಸಿತು. ಪುನಃ ಆಹಾರ ದೊರೆತ ಮೇಲೂ ಮನಸ್ಸು ಮೊದಲಿನಂತಾಗಲು ಬಹಳ ಕಾಲ ಹಿಡಿಯಿತು. ಅವರಲ್ಲಿ ಯಾರಿಗೂ ತೂಕ ಇಳಿಸಿಕೊಳ್ಳುವ ಹಂಬಲವಿರಲಿಲ್ಲ ಎಂಬುದು ಗಮನಾರ್ಹ.

ಇದರಿಂದ ಸ್ನೇಹಿತರು ತಿಳಿಯಬೇಕಾದುದೇನೆಂದರೆ: ಉತ್ತರ ಬಾರದ ಸಂದೇಶ, ಮುರಿದ ಭೇಟಿ, ಸಿಡುಕಿನ ಮಾತು ಇವುಗಳನ್ನು ಸ್ನೇಹದ ನಿರಾಕರಣೆ ಎಂದು ಭಾವಿಸಬಾರದು.

4. ಚಿಕಿತ್ಸೆಯಲ್ಲಿ ಬಾಂಧವ್ಯಗಳ ಸ್ಥಾನ

ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಬಳಕೆಗೆ ತಂದ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ ಅವರು 1874ರಲ್ಲಿ ಪ್ರಕಟವಾದ ಲೇಖನದಲ್ಲಿ, ಇಂತಹ ರೋಗಿಗಳನ್ನು ನೋಡಿಕೊಳ್ಳಲು ಬಂಧುಗಳು ಹಾಗೂ ಸ್ನೇಹಿತರು ಸಾಮಾನ್ಯವಾಗಿ ತಕ್ಕವರಲ್ಲವೆಂದು ಅಭಿಪ್ರಾಯಪಟ್ಟಿದ್ದರು. ರೋಗಿಯನ್ನು ತನ್ನವರಿಂದ ಬೇರ್ಪಡಿಸಿಡುವುದು ಅನಂತರ ಬಹುಕಾಲ ಚಿಕಿತ್ಸೆಯ ಭಾಗವಾಗಿತ್ತು.

ಇಂದಿನ ತಿಳಿವಳಿಕೆ ಇದಕ್ಕೆ ಬಹುತೇಕ ವಿರುದ್ಧವಾಗಿದೆ. ಹದಿಹರೆಯದವರ ಅನೊರೆಕ್ಸಿಯಾಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆಯಲ್ಲಿ, ಊಟ ಮಾಡಿಸುವ ಹೊಣೆಯನ್ನು ತಂದೆತಾಯಿಗಳು ವಹಿಸಿಕೊಳ್ಳುತ್ತಾರೆ. ಒಡಹುಟ್ಟಿದವರಿಗೆ ಆ ಹೊಣೆಯನ್ನು ನೀಡುವುದಿಲ್ಲ. ಅವರು ಮಗುವಿನ ಪಕ್ಕದಲ್ಲಿದ್ದು ಧೈರ್ಯ ತುಂಬುವವರಾಗಿರುತ್ತಾರೆ. ಸ್ನೇಹಿತರೂ ತಮ್ಮ ಸ್ಥಾನವನ್ನು ಇದೇ ಬಗೆಯಲ್ಲಿ ತಿಳಿಯಬಹುದು.

ಬಾಂಧವ್ಯಗಳ ಸುಧಾರಣೆಯೇ ಚಿಕಿತ್ಸೆಯಾಗಬಲ್ಲದು ಎಂಬುದಕ್ಕೂ ಆಧಾರವಿದೆ. ಅಂತರ್ವ್ಯಕ್ತಿ ಮನೋಚಿಕಿತ್ಸೆ ಎಂಬ ವಿಧಾನದಲ್ಲಿ ಆಹಾರ, ತೂಕಗಳ ಬದಲಾಗಿ ರೋಗಿಯ ಸಂಬಂಧಗಳು, ಜಗಳಗಳು, ಅಗಲಿಕೆಗಳು ಹಾಗೂ ಒಂಟಿತನದ ಕುರಿತು ಚರ್ಚಿಸಲಾಗುತ್ತದೆ. ಅಮೆರಿಕದಲ್ಲಿ ಬುಲಿಮಿಯಾದ 220 ರೋಗಿಗಳನ್ನು ಒಳಗೊಂಡು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ ಕ್ರಮ ಹಾಗೂ ಆಲೋಚನೆಯನ್ನು ನೇರವಾಗಿ ತಿದ್ದುವ ಅರಿವಿನ-ವರ್ತನಾ ಚಿಕಿತ್ಸೆಯು ಚಿಕಿತ್ಸಾವಧಿಯ ಕೊನೆಗೆ ಮುಂದಿತ್ತು. ಒಂದು ವರ್ಷದ ನಂತರ ಎರಡರ ನಡುವೆ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ. 2015ರಲ್ಲಿ ಪ್ರಕಟವಾದ, 130 ರೋಗಿಗಳ ಮತ್ತೊಂದು ಅಧ್ಯಯನದಲ್ಲಿ ಅರಿವಿನ-ವರ್ತನಾ ಚಿಕಿತ್ಸೆಯ ಸುಧಾರಿತ ರೂಪವೇ ಕೊನೆಯವರೆಗೂ ಮುಂದಿದ್ದರೂ, ಅಂತರ್ವ್ಯಕ್ತಿ ಚಿಕಿತ್ಸೆ ಪಡೆದವರಲ್ಲಿ ಗುಣವಾದವರ ಪ್ರಮಾಣವು ಚಿಕಿತ್ಸೆ ಮುಗಿದ ನಂತರವೂ ಏರುತ್ತ, ಮೂರನೇ ಒಂದು ಭಾಗದಿಂದ ಸುಮಾರು ಅರ್ಧಕ್ಕೆ ತಲುಪಿತು. ಆದುದರಿಂದ ಸ್ನೇಹವು ಚಿಕಿತ್ಸೆಗೆ ಬದಲಿಯಲ್ಲ. ಆದರೆ ನಿಧಾನವಾಗಿ ಫಲ ನೀಡುವ ನೆರವು.

ಸದರಿ ಅರಿವಿನ-ವರ್ತನಾ ಚಿಕಿತ್ಸೆಯಲ್ಲಿಯೂ, ತನ್ನ ಬೆಲೆಯನ್ನು ತಾನು ಯಾವುದರಿಂದ ಅಳೆದುಕೊಳ್ಳುತ್ತೇನೆ ಎಂಬುದನ್ನು ಒಂದು ವೃತ್ತದಲ್ಲಿ ಭಾಗಗಳಾಗಿ ಬರೆಯುವಂತೆ ರೋಗಿಗೆ ತಿಳಿಸಲಾಗುತ್ತದೆ. ಆರಂಭದಲ್ಲಿ ತೂಕ ಮತ್ತು ಆಕಾರಗಳೇ ವೃತ್ತದ ಬಹುಭಾಗವನ್ನು ಆಕ್ರಮಿಸಿರುತ್ತವೆ. ಸ್ನೇಹ, ಓದು, ಉದ್ಯೋಗ, ಸಂಗೀತ, ಆಟ ಮೊದಲಾದ ಭಾಗಗಳನ್ನು ಹಿಗ್ಗಿಸುವುದು ಚಿಕಿತ್ಸೆಯ ಗುರಿಗಳಲ್ಲೊಂದು. ಈ ಕೆಲಸದಲ್ಲಿ ಸ್ನೇಹಿತರು ನೇರವಾಗಿ ನೆರವಾಗಬಲ್ಲರು.

5. ಸ್ನೇಹಿತರು ಅನುಸರಿಸಬಹುದಾದ ಕ್ರಮಗಳು

(1) ಏಕಾಂತದಲ್ಲಿ, ಊಟದ ಸಮಯವಲ್ಲದ ವೇಳೆಯಲ್ಲಿ ಮಾತನಾಡುವುದು. ಮೈಯ ಬಗ್ಗೆಯಲ್ಲದೆ, ಕಂಡ ಬದಲಾವಣೆಯ ಬಗ್ಗೆ ಹೇಳುವುದು. ಉದಾಹರಣೆಗೆ, "ನೀನು ಎಷ್ಟು ಸಣ್ಣಗಾಗಿದ್ದೀಯ" ಎನ್ನುವುದಕ್ಕಿಂತ, "ಈಚೆಗೆ ನೀನು ಯಾರೊಡನೆಯೂ ಸೇರುತ್ತಿಲ್ಲ, ನನಗೆ ಚಿಂತೆಯಾಗಿದೆ" ಎನ್ನುವುದು ಸೂಕ್ತ.

(2) ಮೊದಲ ಸಲ "ಏನೂ ಇಲ್ಲ" ಎಂಬ ಉತ್ತರ ಬಂದಲ್ಲಿ ವಾದಿಸದೆ, "ಬೇಕೆನಿಸಿದಾಗ ಹೇಳು, ನಾನಿದ್ದೇನೆ" ಎಂದು ತಿಳಿಸಿ, ಕೆಲದಿನಗಳ ನಂತರ ಪುನಃ ವಿಚಾರಿಸುವುದು.

(3) ಊಟವಿಲ್ಲದ ಭೇಟಿಗಳನ್ನು ಏರ್ಪಡಿಸುವುದು. ಗ್ರಂಥಾಲಯ, ನಾಟಕ, ಜೊತೆಯಲ್ಲಿ ಓದುವುದು, ಕೇರಂ ಆಟ ಇವುಗಳಿಗೆ ಕರೆಯಬಹುದು. ವೈದ್ಯರು ವ್ಯಾಯಾಮವನ್ನು ನಿಷೇಧಿಸಿದ್ದಲ್ಲಿ ದೂರದ ನಡಿಗೆಗೆ ಕರೆಯಬಾರದು.

(4) ಊಟದ ಸಮಾರಂಭಗಳಿಗೂ ಕರೆಯುವುದನ್ನು ನಿಲ್ಲಿಸದಿರುವುದು. ಬರುವುದು ಬಿಡುವುದು ಅವರ ಆಯ್ಕೆ. ಕರೆಯುವುದು ಸ್ನೇಹಿತರ ಕರ್ತವ್ಯ.

(5) ಜೊತೆಯಲ್ಲಿ ಊಟಕ್ಕೆ ಕುಳಿತಾಗ ತಟ್ಟೆಯನ್ನು ಗಮನಿಸದೆ ಬೇರೆ ವಿಷಯ ಮಾತನಾಡುವುದು. ತಾವು ಸಹಜವಾಗಿ ಊಟ ಮಾಡುವುದು. ಊಟದ ನಂತರದ ಅರ್ಧ ಗಂಟೆ ಜೊತೆಗಿರುವುದು. ಬುಲಿಮಿಯಾ ಇರುವವರಿಗೆ ಈ ಅರ್ಧ ಗಂಟೆಯೇ ಅತ್ಯಂತ ಕಷ್ಟದ ಅವಧಿ.

(6) ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ತಪ್ಪಿದ ತರಗತಿಗಳ ಟಿಪ್ಪಣಿ ಒದಗಿಸುವುದು ಮುಂತಾದ ಸಣ್ಣ ನೆರವುಗಳನ್ನು ನೀಡುವುದು.

6. ಮಾತಿನಲ್ಲಿ ವಹಿಸಬೇಕಾದ ಎಚ್ಚರಿಕೆ

"ಊಟ ಆಯಿತೇ?" ಎಂಬುದು ಕನ್ನಡಿಗರ ಪಾಲಿಗೆ ಪ್ರಶ್ನೆಯಲ್ಲ, ಕುಶಲೋಪರಿ. ಆದರೆ ಕಾಯಿಲೆಗೆ ಒಳಗಾದವರಿಗೆ ಅದು ದಿನಕ್ಕೆ ಹತ್ತು ಬಾರಿ ಎದುರಾಗುವ ವಿಚಾರಣೆಯಂತೆ ಕೇಳಬಹುದು; ಪ್ರತಿ ಬಾರಿಯೂ ಒಂದು ಸುಳ್ಳು ಹೇಳಬೇಕಾದ ಪ್ರಸಂಗ ಒದಗಬಹುದು. "ಹೇಗಿದ್ದೀಯ, ಇವತ್ತು ಏನು ವಿಶೇಷ?" ಎಂದು ಆರಂಭಿಸುವುದು ಅವರಿಗೆ ಹಗುರವೆನಿಸುತ್ತದೆ.

ಚೇತರಿಸಿಕೊಳ್ಳುತ್ತಿರುವವರಿಗೆ "ಈಗ ಮೈಕೈ ತುಂಬಿಕೊಂಡಿದ್ದೀಯ, ಚೆನ್ನಾಗಿ ಕಾಣುತ್ತೀಯ" ಎಂದು ಹೇಳುವುದು ಸದುದ್ದೇಶದ್ದೇ ಆದರೂ, ಅವರ ಕಿವಿಗೆ "ದಪ್ಪಗಾಗಿದ್ದೀಯ" ಎಂದೇ ಕೇಳಿಸುವ ಸಂಭವವಿದೆ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ದೇಹದ ಕುರಿತ ಮಾತನ್ನೇ ಕೈಬಿಡುವುದು ಉತ್ತಮ. ಸ್ನೇಹಿತರು ತಮ್ಮ ತಮ್ಮ ಹೊಟ್ಟೆ, ತೊಡೆ, ಡಯಟ್‌ಗಳ ಬಗ್ಗೆ ಗುಂಪಿನಲ್ಲಿ ದೂರಿಕೊಳ್ಳುವುದಕ್ಕೂ ಇದು ಅನ್ವಯಿಸುತ್ತದೆ.

ಸ್ನೇಹವಲಯದ ಮಾತು ಹಾನಿಯನ್ನೂ ಉಂಟುಮಾಡಬಲ್ಲದು. ಫಿಜಿ ದ್ವೀಪದ ನಡ್ರೋಗಾ ಪ್ರದೇಶಕ್ಕೆ 1995ರಲ್ಲಿ ದೂರದರ್ಶನ ಪ್ರಸಾರ ಬಂದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವುದಾಗಿ ತಿಳಿಸಿದ ಶಾಲಾ ಬಾಲಕಿಯರು ಇರಲಿಲ್ಲ. 1998ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ. 11.3ರಷ್ಟು ಬಾಲಕಿಯರು ಹಾಗೆ ತಿಳಿಸಿದರು. ಈ ಅಧ್ಯಯನ ನಡೆಸಿದ ಆನ್ ಬೆಕರ್ ಮತ್ತು ಸಂಗಡಿಗರು 2011ರಲ್ಲಿ ಫಿಜಿಯ ಬಾಲಕಿಯರ ಬಗೆಗೇ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಬಾಲಕಿಯು ತಾನೇ ನೋಡುವ ದೃಶ್ಯಮಾಧ್ಯಮಕ್ಕಿಂತ, ಆಕೆಯ ಗೆಳತಿಯರ ಬಳಗದಲ್ಲಿರುವ ಮಾಧ್ಯಮದ ಪ್ರಭಾವವು ಕಾಯಿಲೆಯ ಲಕ್ಷಣಗಳೊಂದಿಗೆ ಹೆಚ್ಚು ಸಂಬಂಧ ಹೊಂದಿರುವುದು ಕಂಡುಬಂದಿತು.

7. ತಪ್ಪಿಸಬೇಕಾದ ವರ್ತನೆಗಳು

ಲಂಡನ್ನಿನ ಮನೋವೈದ್ಯೆ ಜಾನೆಟ್ ಟ್ರೆಷರ್ ಮತ್ತು ಸಂಗಡಿಗರು ಆರೈಕೆದಾರರ ವರ್ತನೆಗಳನ್ನು ಪ್ರಾಣಿಗಳ ಹೋಲಿಕೆಯ ಮೂಲಕ ವಿವರಿಸಿದ್ದಾರೆ. ಸ್ನೇಹಿತರಿಗೂ ಅವು ಉಪಯುಕ್ತವಾಗಿವೆ.

- ಖಡ್ಗಮೃಗ: ವಾದ ಮಾಡಿ, ನುಗ್ಗಿ, ಗೆಲ್ಲಲು ಹೊರಡುವುದು. ಇದರಿಂದ ಕಾಯಿಲೆ ತನ್ನ ಸಮರ್ಥನೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.
- ಕಾಂಗರೂ: ಚೀಲದಲ್ಲಿಟ್ಟು ಕಾಯುವಂತೆ ಎಲ್ಲವನ್ನೂ ತಾವೇ ಮಾಡಿಕೊಡುವುದು. ವ್ಯಕ್ತಿ ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿಯುವುದಿಲ್ಲ.
- ಉಷ್ಟ್ರಪಕ್ಷಿ: ಕಂಡೂ ಕಾಣದಂತಿರುವುದು.
- ಲೋಳೆಮೀನು: ತಾವೇ ಅತ್ತು ಕರಗಿ, ರೋಗಿಯೇ ಸಂತೈಸಬೇಕಾಗುವಂತೆ ಮಾಡುವುದು.
- ಡಾಲ್ಫಿನ್: ಜೊತೆಯಲ್ಲಿ ಈಜುತ್ತ, ಅಗತ್ಯವಿದ್ದಾಗ ಮುಂದೆ ಸಾಗಿ ದಾರಿ ತೋರಿಸುತ್ತ, ಉಳಿದಂತೆ ಪಕ್ಕದಲ್ಲಿಯೋ ಹಿಂದೆಯೋ ಇರುವುದು. ಅನುಸರಿಸತಕ್ಕ ಮಾದರಿ ಇದಾಗಿದೆ.

8. ತುರ್ತು ಸಂದರ್ಭಗಳು

ಈ ಕೆಳಕಂಡ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಸಮಾಲೋಚನೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು: ಮೂರ್ಛೆ ಹೋಗುವುದು, ಎದೆನೋವು, ಎದೆಬಡಿತದಲ್ಲಿ ಏರುಪೇರು ಅಥವಾ ನಾಡಿ ತೀರಾ ನಿಧಾನವಾಗುವುದು, ಕುಳಿತಲ್ಲಿಂದ ಏಳಲಾರದಷ್ಟು ಸ್ನಾಯು ದುರ್ಬಲತೆ, ವಾಂತಿಯಲ್ಲಿ ರಕ್ತ, ನೀರನ್ನೂ ನಿರಾಕರಿಸುವುದು, ಗೊಂದಲ, ಬದುಕು ಬೇಡವೆಂಬ ಮಾತು. ಪದೇಪದೇ ವಾಂತಿ ಮಾಡಿಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ಅಪಾಯ ಉಂಟಾಗಬಹುದು. ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.

ವಿಶೇಷ ಸೂಚನೆ: ಬಹುದಿನಗಳಿಂದ ಆಹಾರ ಸೇವಿಸದವರಿಗೆ ಪ್ರೀತಿಯಿಂದಾದರೂ ಒಮ್ಮೆಲೇ ಭರ್ಜರಿ ಊಟ ಮಾಡಿಸಬಾರದು. ದೀರ್ಘ ಹಸಿವಿನ ನಂತರ ಏಕಾಏಕಿ ಹೆಚ್ಚು ಆಹಾರ ಸೇರಿದಾಗ ರಕ್ತದಲ್ಲಿನ ಫಾಸ್ಫೇಟ್ ಮೊದಲಾದ ಲವಣಾಂಶಗಳು ಕುಸಿದು ಪ್ರಾಣಾಪಾಯ ಉಂಟಾಗಬಹುದು. ಆಹಾರವನ್ನು ಹೆಚ್ಚಿಸುವ ಕ್ರಮವನ್ನು ವೈದ್ಯರೇ ನಿರ್ಧರಿಸತಕ್ಕದ್ದು.

9. ಸ್ನೇಹಿತರಿಗೆ ಕಾನೂನಿನಲ್ಲಿರುವ ಸ್ಥಾನ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 (29.05.2018ರಿಂದ ಜಾರಿ) ಪ್ರಕಾರ, ಅಪ್ರಾಪ್ತರಲ್ಲದ ಪ್ರತಿಯೊಬ್ಬ ವ್ಯಕ್ತಿಯೂ ತನ್ನ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದಾಗಿದೆ. ಪ್ರತಿನಿಧಿಯು ರಕ್ತಸಂಬಂಧಿಯೇ ಆಗಿರಬೇಕೆಂಬ ನಿಯಮವಿಲ್ಲ, ಸ್ನೇಹಿತರನ್ನೂ ನೇಮಿಸಬಹುದು. ಊರಿನಿಂದ ದೂರವಿದ್ದು ಓದುತ್ತಿರುವವರಿಗೆ ಹಾಗೂ ಕುಟುಂಬದ ಆಸರೆ ಇಲ್ಲದವರಿಗೆ ಇದು ಮಹತ್ವದ ಅವಕಾಶವಾಗಿದೆ.

ಅ) ವಿಧಾನ: ಕಲಂ 14ರನ್ವಯ ಬಿಳಿ ಹಾಳೆಯಲ್ಲಿ ಬರೆದು, ನೇಮಿಸುವವರ ಸಹಿ ಅಥವಾ ಹೆಬ್ಬೆರಳ ಗುರುತು ಹಾಕತಕ್ಕದ್ದು. ಪ್ರತಿನಿಧಿಯು ಅಪ್ರಾಪ್ತರಾಗಿರಬಾರದು, ಹೊಣೆ ನಿರ್ವಹಿಸಲು ಸಮರ್ಥರಾಗಿರಬೇಕು ಹಾಗೂ ಲಿಖಿತ ಒಪ್ಪಿಗೆ ನೀಡಬೇಕು.

ಆ) ಬದಲಾವಣೆ: ಈ ನೇಮಕವನ್ನು ಯಾವುದೇ ಸಮಯದಲ್ಲಿ ರದ್ದುಪಡಿಸಬಹುದು ಅಥವಾ ಬದಲಿಸಬಹುದು.

ಇ) ಕರ್ತವ್ಯ: ರೋಗಿಯ ಇಚ್ಛೆ ಮತ್ತು ಮೌಲ್ಯಗಳನ್ನು ಪರಿಗಣಿಸಿ ಚಿಕಿತ್ಸೆಯ ನಿರ್ಧಾರಗಳಲ್ಲಿ ನೆರವಾಗುವುದು, ರೋಗನಿರ್ಣಯ ಹಾಗೂ ಚಿಕಿತ್ಸೆಯ ಮಾಹಿತಿ ಕೋರುವುದು, ಬಿಡುಗಡೆಯ ಯೋಜನೆಯಲ್ಲಿ ಭಾಗವಹಿಸುವುದು, ಹಕ್ಕುಗಳ ಉಲ್ಲಂಘನೆಯಾದಲ್ಲಿ ಸಂಬಂಧಪಟ್ಟ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಸಲ್ಲಿಸುವುದು.

ಈ) ಪ್ರತಿನಿಧಿಯನ್ನು ನೇಮಿಸಿದ ಮಾತ್ರಕ್ಕೆ ವ್ಯಕ್ತಿಗೆ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯವಿಲ್ಲವೆಂದು ಅರ್ಥೈಸುವಂತಿಲ್ಲ.

ಉ) ಅಪ್ರಾಪ್ತರಿಗೆ ಕಾನೂನುಬದ್ಧ ಪೋಷಕರೇ ಸಾಮಾನ್ಯವಾಗಿ ಪ್ರತಿನಿಧಿಗಳಾಗಿರುತ್ತಾರೆ.

10. ಸೇವೆಗಳನ್ನು ಪಡೆಯುವ ವಿಧಾನ

(1) ಟೆಲಿ ಮಾನಸ್: ಕೇಂದ್ರ ಸರ್ಕಾರವು 10.10.2022ರಂದು ಆರಂಭಿಸಿದ ಉಚಿತ ದೂರವಾಣಿ ಸಮಾಲೋಚನೆ. ಸಂಖ್ಯೆ: 14416. ಕನ್ನಡದಲ್ಲಿಯೂ ಮಾತನಾಡಬಹುದು. ರೋಗಿಯು ಸಿದ್ಧರಿಲ್ಲದಿದ್ದಲ್ಲಿ ಸ್ನೇಹಿತರೇ ಮೊದಲು ಕರೆ ಮಾಡಿ ಸಲಹೆ ಪಡೆಯಬಹುದು.

(2) ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸೇವೆ ದೊರೆಯುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಭೇಟಿ ನೀಡುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.

(3) ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ತಜ್ಞರ ಸೇವೆ ಲಭ್ಯವಿದೆ.

(4) ಶುಲ್ಕ: ಬಡತನ ರೇಖೆಗಿಂತ ಕೆಳಗಿರುವವರು, ಕಾರ್ಡು ಹೊಂದಿರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಸದರಿ ಕಾಯ್ದೆಯನ್ವಯ ಅರ್ಹರು. ವಿಮಾ ಸಂಸ್ಥೆಗಳು ದೈಹಿಕ ಕಾಯಿಲೆಗಳಿಗೆ ಒದಗಿಸುವಂತೆಯೇ ಮಾನಸಿಕ ಕಾಯಿಲೆಗಳಿಗೂ ವೈದ್ಯಕೀಯ ವಿಮೆ ಒದಗಿಸತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: "ಯಾರಿಗೂ ಹೇಳಬೇಡ" ಎಂದು ಮಾತು ತೆಗೆದುಕೊಂಡರೆ ಏನು ಮಾಡಬೇಕು?
ಉತ್ತರ: ಅಂತಹ ಮಾತನ್ನು ಕೊಡದಿರುವುದು ಉತ್ತಮ. "ಕಾಲೇಜಿನಲ್ಲಿ ಯಾರಿಗೂ ಹೇಳುವುದಿಲ್ಲ, ಆದರೆ ಪ್ರಾಣಕ್ಕೆ ಅಪಾಯವೆನಿಸಿದರೆ ಹಿರಿಯರಿಗೆ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ" ಎಂದು ಮೊದಲೇ ಸ್ಪಷ್ಟಪಡಿಸುವುದು. ಕೆಲದಿನಗಳ ಕೋಪವನ್ನು ಸಹಿಸಬಹುದು. ಸ್ನೇಹಿತರನ್ನು ಕಳೆದುಕೊಳ್ಳುವುದನ್ನು ಸಹಿಸಲಾಗದು.

ಪ್ರಶ್ನೆ: ಇದೇ ಕಾಯಿಲೆಯಿರುವ ಇಬ್ಬರು ಸ್ನೇಹಿತರಾಗಿರುವುದು ಒಳ್ಳೆಯದೇ?
ಉತ್ತರ: ಒಬ್ಬರ ನೋವು ಇನ್ನೊಬ್ಬರಿಗೆ ಬೇಗ ಅರ್ಥವಾಗುತ್ತದೆ. ಆದರೆ ತೂಕದ ಅಂಕಿಗಳನ್ನು ಹೋಲಿಸುವುದು, ಉಪವಾಸದಲ್ಲಿ ಸ್ಪರ್ಧಿಸುವುದು ಆರಂಭವಾದಲ್ಲಿ ಇಬ್ಬರಿಗೂ ಅಪಾಯ. ಇಂತಹ ಸ್ನೇಹದ ವಿಷಯವನ್ನು ಚಿಕಿತ್ಸಕರಿಗೆ ತಿಳಿಸತಕ್ಕದ್ದು.

ಪ್ರಶ್ನೆ: ನೆರವಾಗುತ್ತಿರುವ ಸ್ನೇಹಿತರೇ ದಣಿದರೆ?
ಉತ್ತರ: ಒಬ್ಬರೇ ಭಾರ ಹೊರುವುದು ಸರಿಯಲ್ಲ. ರೋಗಿಯ ಒಪ್ಪಿಗೆ ಪಡೆದು ಇನ್ನೂ ಒಬ್ಬಿಬ್ಬರನ್ನು ಸೇರಿಸಿಕೊಳ್ಳುವುದು. ತಮ್ಮ ಓದು, ನಿದ್ರೆ, ಊಟಗಳನ್ನು ಕಡೆಗಣಿಸದಿರುವುದು. ತಮಗಾಗಿಯೂ 14416ಕ್ಕೆ ಕರೆ ಮಾಡಬಹುದು.

12. ಚೇತರಿಕೆಯ ಅವಧಿ

ಚೇತರಿಕೆಯು ನೇರದಾರಿಯಲ್ಲ, ಕಾಯಿಲೆ ಮರುಕಳಿಸುವುದು ಸಾಮಾನ್ಯ. ಅಮೆರಿಕದ ಬೋಸ್ಟನ್‌ನಲ್ಲಿ ಅನೊರೆಕ್ಸಿಯಾ ಹಾಗೂ ಬುಲಿಮಿಯಾ ಇದ್ದ ಮಹಿಳೆಯರನ್ನು ದೀರ್ಘಕಾಲ ಗಮನಿಸಿ 2017ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ಅನೊರೆಕ್ಸಿಯಾ ಇದ್ದವರಲ್ಲಿ ಸುಮಾರು 9 ವರ್ಷಗಳ ವೇಳೆಗೆ ಶೇ. 31.4ರಷ್ಟು ಮಂದಿ ಮಾತ್ರ ಗುಣಮುಖರಾಗಿದ್ದರು. ಸುಮಾರು 22 ವರ್ಷಗಳ ವೇಳೆಗೆ ಆ ಪ್ರಮಾಣವು ಶೇ. 62.8ಕ್ಕೆ ಏರಿತ್ತು. ಅಂದರೆ ಹತ್ತು ವರ್ಷ ಕಳೆದರೂ ಗುಣವಾಗಲಿಲ್ಲವೆಂದು ಕೈಬಿಡಲು ಕಾರಣವಿಲ್ಲ.

ಇಷ್ಟು ದೀರ್ಘಕಾಲ ಜೊತೆಗಿರುವುದು ಯಾವ ಆಸ್ಪತ್ರೆಗೂ ಸುಲಭವಲ್ಲ. ಆದುದರಿಂದ ಇಂತಹ ಸ್ನೇಹಿತರುಳ್ಳ ಸಾರ್ವಜನಿಕರು ಮೇಲ್ಕಂಡ ಸೇವೆಗಳ ಮಾಹಿತಿಯನ್ನು ಅವರಿಗೆ ತಲುಪಿಸುವುದರ ಜೊತೆಗೆ, ಉತ್ತರ ಬರಲಿ ಬಾರದಿರಲಿ, ಅವರನ್ನು ಕರೆಯುತ್ತಿರುವುದು ಅಗತ್ಯವಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರವಿದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ.